ಅಲಿಪ್ತ ನೀತಿ ನಮ್ಮ ಹೊಲದ ವಿಷಯವೂ ಹೌದು: ಮೂವರು ಸಂಸದರಿಗೆ ಒಂದು ಬಹಿರಂಗ ಪತ್ರ

ಬೀದರ, ಕಲಬುರಗಿ ಮತ್ತು ರಾಯಚೂರು ಕ್ಷೇತ್ರಗಳ ಮಾನ್ಯ ಲೋಕಸಭಾ ಸದಸ್ಯರಿಗೆ,

ಶರಣು ಶರಣಾರ್ಥಿಗಳು.

ನಾನು ಕಲಬುರಗಿಯಲ್ಲಿ ನೆಲೆಸಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ ಆರು ಎಕರೆ ಹೊಲವಿದೆ, ತೊಗರಿ ಬಿತ್ತುತ್ತೇವೆ. ಮೂವತ್ತು ವರ್ಷಕ್ಕೂ ಮಿಕ್ಕಿ ಸಮಾಜ ವಿಜ್ಞಾನ ಕಲಿಸಿದೆ. ಭಾರತದ ವಿದೇಶಾಂಗ ನೀತಿಯ ಪಾಠ ಬಂದಾಗಲೆಲ್ಲ ಪಂಚಶೀಲ, ಅಲಿಪ್ತ ನೀತಿ, ನಿಶ್ಶಸ್ತ್ರೀಕರಣ ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ. ಅಲಿಪ್ತ ಎಂದರೆ ಅಮೆರಿಕ, ಸೋವಿಯತ್ ಬಣಗಳೆರಡಕ್ಕೂ ಸೇರದೆ, ಕಮಲದ ಎಲೆಯ ಮೇಲಿನ ನೀರಿನ ಹನಿಯ ಹಾಗೆ, ತಾಗಿಯೂ ಅಂಟದೆ ಇರುವುದು ಎಂದು ವಿವರಿಸುತ್ತಿದ್ದೆ. ಮಕ್ಕಳಿಗೆ ಅದು ಚೆನ್ನಾಗಿ ನೆನಪಿರುತ್ತಿತ್ತು, ಪರೀಕ್ಷೆಯಲ್ಲಿ ಅಂಕವೂ ಬರುತ್ತಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ನಾವು ಯಾರ ಕಡೆಗೂ ಇಲ್ಲ ಅಂದರೆ, ನಮಗೆ ಕಷ್ಟ ಬಂದಾಗ ಯಾರು ಬರುತ್ತಾರೆ ಸರ್?" ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ನಾಳೆ ಹೇಳುತ್ತೇನೆ ಎಂದೆ. ಹೇಳಲೇ ಇಲ್ಲ.

ಆ ಪ್ರಶ್ನೆ ಮತ್ತೆ ನೆನಪಾದದ್ದು 2025ರ ಆಗಸ್ಟ್‌ನಲ್ಲಿ. ರಷ್ಯಾದಿಂದ ತೈಲ ಕೊಳ್ಳುತ್ತೀರಿ ಎಂಬ ಕಾರಣ ಮುಂದಿಟ್ಟು ಅಮೆರಿಕವು ನಮ್ಮ ಸರಕಿನ ಮೇಲೆ ಮೊದಲೇ ಹೇರಿದ್ದ ಶೇ 25 ಸುಂಕಕ್ಕೆ ಇನ್ನೂ ಶೇ 25 ಸೇರಿಸಿತು. ಆ ವಾರ ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರೂ ಗಂಜ್‌ನ ಅಡತಿ ಅಂಗಡಿಯೊಂದರಲ್ಲಿ ಕುಳಿತಿದ್ದೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಎರಡು ದೋಣಿಯ ಮೇಲೆ ಕಾಲಿಟ್ಟರೆ ಆಗುವುದೇ ಹೀಗೆ, ಯಾರಾದರೂ ಒಬ್ಬರ ಕಡೆ ಸೇರಿಕೊಂಡುಬಿಟ್ಟರೆ ಪೀಡೆ ಕಳೆಯಿತು. ಒಬ್ಬರು ಅಮೆರಿಕ ಎಂದರು, ಇನ್ನೊಬ್ಬರು ರಷ್ಯಾ ಎಂದರು. ನಾನು ವಾದಿಸಿದೆ. ಆದರೆ ಅವರಿಗೆ ಒಪ್ಪಿಗೆಯಾಗುವ ಹಾಗೆ ಹೇಳಲು ನನ್ನಿಂದ ಆಗಲಿಲ್ಲ. ಅಂದು ಗಂಜ್‌ನಲ್ಲಿ ಬಾಯಿಗೆ ಬಾರದ್ದನ್ನು ಈಗ ತಮಗೆ ಬರೆಯುತ್ತಿದ್ದೇನೆ. ರೈಲು, ವಿಮಾನ, ಏಮ್ಸ್ ಎಂದು ತಾವು ಸಂಸತ್ತಿನಲ್ಲಿ ಕೇಳುತ್ತೀರಿ, ಕೇಳಲೇಬೇಕು. ವಿದೇಶಾಂಗ ನೀತಿ ಮಾತ್ರ ದೆಹಲಿಯ ದೊಡ್ಡವರ ವಿಷಯ, ಕಲ್ಯಾಣ ಕರ್ನಾಟಕಕ್ಕೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ನಮ್ಮಲ್ಲೂ ಇದೆ, ಬಹುಶಃ ತಮ್ಮಲ್ಲೂ ಇದೆ. ಅದು ತಪ್ಪು ಎಂಬುದಕ್ಕೆ ನಮ್ಮ ಮನೆಯ ಅಡುಗೆಮನೆಯೇ ಸಾಕ್ಷಿ.

ನಾನು ಒಂಬತ್ತು ಹತ್ತು ವರ್ಷದವನಿದ್ದೆ. 1966, 67ರ ಕಾಲ. ಮಳೆ ಸಾಲು ಸಾಲಾಗಿ ಕೈಕೊಟ್ಟಿತ್ತು. ನ್ಯಾಯಬೆಲೆ ಅಂಗಡಿಯಿಂದ ಅಪ್ಪ ಹೊತ್ತು ತಂದ ಚೀಲದಲ್ಲಿ ಕೆಂಪು ಜೋಳವಿತ್ತು. ಅಮೆರಿಕದಿಂದ ಹಡಗಿನಲ್ಲಿ ಬಂದದ್ದು ಎಂದರು. ನಮ್ಮದು ಬಿಳಿಜೋಳ ಉಂಡು ಬೆಳೆದ ಸೀಮೆ. ಅವ್ವ ಕುದಿನೀರು ಹಾಕಿ ಎಷ್ಟು ನಾದಿದರೂ ಆ ಹಿಟ್ಟಿಗೆ ಜಿಗಿ ಬರಲಿಲ್ಲ. ಬಡಿಯುತ್ತಿದ್ದಂತೆ ರೊಟ್ಟಿಯ ಅಂಚು ಬಿರಿಯುತ್ತಿತ್ತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ನಟ್ಟನಡುವೆ ಹರಿದು ಎರಡು ತುಂಡಾಗಿ ಅವಳ ಎರಡೂ ಅಂಗೈಯಲ್ಲಿ ಉಳಿಯುತ್ತಿತ್ತು. ಮೂರು ನಾಲ್ಕು ಸಲ ಪ್ರಯತ್ನಿಸಿ, ಹಿಟ್ಟನ್ನೆಲ್ಲ ಮತ್ತೆ ಒಟ್ಟು ಮಾಡಿ ಅಂಬಲಿ ಕಾಯಿಸಿದಳು. ಊರಿನಲ್ಲಿ ಅಷ್ಟು ಚೆನ್ನಾಗಿ ರೊಟ್ಟಿ ಬಡಿಯುವವಳೆಂದು ಹೆಸರಾಗಿದ್ದ ಅವ್ವ ಅಂದು ಯಾರೊಡನೆಯೂ ಮಾತನಾಡಲಿಲ್ಲ.

ಅವಳ ಕೈಯಲ್ಲಿ ಹರಿದ ಆ ರೊಟ್ಟಿಗೂ ವಿಯೆಟ್ನಾಂ ಯುದ್ಧಕ್ಕೂ ನಂಟಿತ್ತು ಎಂಬುದು ನನಗೆ ತಿಳಿದದ್ದು ಬಿ.ಎ. ಓದುವಾಗ. ಪಿ.ಎಲ್. 480 ಎಂಬ ಅಮೆರಿಕದ ಕಾಯ್ದೆಯಡಿ ನಮಗೆ ಧಾನ್ಯ ಬರುತ್ತಿತ್ತು. 1966 ಒಂದೇ ವರ್ಷದಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ದೇಶ ಹೊರಗಿನಿಂದ ತರಿಸಿಕೊಂಡಿತು. ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಭಾರತ ಟೀಕಿಸಿದ್ದು ಅಧ್ಯಕ್ಷ ಜಾನ್ಸನ್ ಅವರಿಗೆ ಹಿಡಿಸಲಿಲ್ಲ. ಕೃಷಿ ನೀತಿ ಬದಲಿಸಿಕೊಳ್ಳಿ ಎಂಬ ಒತ್ತಡವೂ ಅವರದಿತ್ತು. ವರ್ಷದ ಧಾನ್ಯವನ್ನು ಒಮ್ಮೆಲೇ ಬಿಡದೆ, ತಿಂಗಳಿಗೆ ಇಷ್ಟು ಎಂದು ಬಿಗಿಹಿಡಿದು ಬಿಡಿಸಿದರು. ಅದಕ್ಕೂ ಮೊದಲೇ ಶಾಸ್ತ್ರೀಜಿ ಸೋಮವಾರ ಒಂದು ಹೊತ್ತಿನ ಊಟ ಬಿಡಿ ಎಂದು ದೇಶಕ್ಕೆ ಕರೆ ಕೊಟ್ಟಿದ್ದರು. ಸೋಮವಾರ ಹೇಗೂ ನಮ್ಮ ಮನೆಯಲ್ಲಿ ಅವ್ವನ ಉಪವಾಸ, ಅಪ್ಪನೂ ಸೇರಿಕೊಂಡ.

ನಾನು ಹೆಮ್ಮೆಪಡುವುದು ಆಮೇಲೆ ನಡೆದದ್ದಕ್ಕೆ. ಧಾನ್ಯ ನಿಲ್ಲುತ್ತದೆಂದು ಹೆದರಿ ನಮ್ಮವರು ಯಾರ ಪಾಳಯಕ್ಕೂ ಸೇರಲಿಲ್ಲ. ಬಿತ್ತನೆಯನ್ನು ಬದಲಿಸಿದರು. ಸಿ. ಸುಬ್ರಮಣಿಯಂ ಕೃಷಿ ಸಚಿವರಾಗಿದ್ದಾಗ, 1966ರಲ್ಲಿ, ಮೆಕ್ಸಿಕೊದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ಬಂತು. 1971 ಮುಗಿಯುವಷ್ಟರಲ್ಲಿ ಪಿ.ಎಲ್. 480ರ ಗೋಧಿ ಬೇಡ ಎನ್ನುವ ಸ್ಥಿತಿಗೆ ದೇಶ ಬಂದಿತ್ತು. ಅದೇ ಡಿಸೆಂಬರ್‌ನಲ್ಲಿ ಬಾಂಗ್ಲಾ ಯುದ್ಧದ ವೇಳೆ ಅಮೆರಿಕದ 'ಎಂಟರ್‌ಪ್ರೈಸ್' ಯುದ್ಧನೌಕೆ ಬಂಗಾಳ ಕೊಲ್ಲಿಯತ್ತ ಬಂತು. ಐದು ವರ್ಷ ಹಿಂದೆ, ಅವರ ಹಡಗಿನ ಧಾನ್ಯಕ್ಕೆ ಕಾದು ಕುಳಿತಿದ್ದ ಕಾಲದಲ್ಲಿ ಅದು ಬಂದಿದ್ದರೆ ನಾವು ಏನು ಮಾಡುತ್ತಿದ್ದೆವು? ಈ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಅಲಿಪ್ತ ನೀತಿ ಎಂದರೆ ಸಾಕು, ನಮ್ಮೂರ ಹಿರಿಯರೊಬ್ಬರು "ಅದು ನಿಜಾಮರ ನೀತಿ" ಎಂದು ಮುಖ ತಿರುಗಿಸುತ್ತಿದ್ದರು. ಈ ಮಾತಿಗೆ ಬೆಂಗಳೂರು, ಮೈಸೂರಿನವರಿಗೆ ಅರ್ಥವಿರಲಾರದು, ನಮಗಿದೆ. 1947ರ ಜೂನ್‌ನಲ್ಲಿ, ನಮ್ಮ ಸೀಮೆಯನ್ನು ಆಳುತ್ತಿದ್ದ ಹೈದರಾಬಾದ್ ನಿಜಾಮರು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ ಎಂದರು. ನವೆಂಬರ್‌ನಲ್ಲಿ ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾಯಿತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ಮೇಲೂ ಬೀದರ, ಗುಲಬರ್ಗಾ, ರಾಯಚೂರಿನ ಜನ ಹದಿಮೂರು ತಿಂಗಳು ಕಾದರು. ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹೆಸರು ಹೇಳಿ ಮಕ್ಕಳ ಅಳು ನಿಲ್ಲಿಸುತ್ತಿದ್ದ ಮನೆಗಳಲ್ಲಿ ನಾವು ಬೆಳೆದೆವು. ನಿಜಾಮರ ಆಳ್ವಿಕೆ ಕೊನೆಗೊಂಡ 1948ರ ಸೆಪ್ಟೆಂಬರ್ 17 ನಮಗೆ ಇಂದಿಗೂ ಹಬ್ಬವಾಗಿರುವುದು ಅದಕ್ಕಾಗಿಯೇ. ಹಾಗಾದರೆ ಯಾರ ಕಡೆಗೂ ಸೇರದಿರುವುದು ಒಳ್ಳೆಯದೋ ಕೆಟ್ಟದ್ದೋ?

ಆ ಹಿರಿಯರಿಗೆ ನಾನು ಕೊಡಬೇಕಿದ್ದ ಉತ್ತರ ಬಹಳ ತಡವಾಗಿ ಹೊಳೆಯಿತು. ನಿಜಾಮರು ಯಾರನ್ನೂ ಕೇಳಲಿಲ್ಲ. ಪ್ರಜೆಗಳ ಎದುರು ನಿಂತು ಏಕೆ ಎಂದು ಹೇಳಲೂ ಇಲ್ಲ. ಸಿಂಹಾಸನ ಉಳಿಯಬೇಕಿತ್ತು, ಅಷ್ಟೆ. ಸ್ವತಂತ್ರ ಭಾರತದ ಅಲಿಪ್ತ ನೀತಿ ಹುಟ್ಟಿದ್ದು ಬೇರೆ ಬಗೆಯಲ್ಲಿ. 1946ರ ಸೆಪ್ಟೆಂಬರ್ 7ರಂದು, ಮಧ್ಯಂತರ ಸರ್ಕಾರ ಬಂದ ವಾರದೊಳಗೆ, ನೆಹರೂ ಬಾನುಲಿಯಲ್ಲಿ ಜನರಿಗೇ ಅದನ್ನು ಹೇಳಿದರು. ಒಂದರ ವಿರುದ್ಧ ಒಂದು ನಿಂತ ಬಣಗಳ ಬಲಾಬಲದ ರಾಜಕಾರಣದಿಂದ ದೂರವಿರುತ್ತೇವೆ ಎಂದರು. ಮುಂದೆ ಅವರನ್ನು ಸಂಸತ್ತಿನಲ್ಲಿ ವಿರೋಧ ಪಕ್ಷದ ಆಚಾರ್ಯ ಕೃಪಲಾನಿಯವರಂಥವರು ಪ್ರಶ್ನಿಸಿದರು. 1956ರಲ್ಲಿ ಸೂಯೆಜ್ ಮೇಲೆ ಬ್ರಿಟನ್, ಫ್ರಾನ್ಸ್ ದಾಳಿ ಮಾಡಿದಾಗ ತಕ್ಷಣ ಗುಡುಗಿದ ಭಾರತ, ಹಂಗೇರಿಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ ತಡವರಿಸಿತು. ಜಯಪ್ರಕಾಶ್ ನಾರಾಯಣ್ ಅದನ್ನು ಬಹಿರಂಗವಾಗಿಯೇ ಖಂಡಿಸಿದರು. ಆ ಖಂಡನೆ ನ್ಯಾಯವಾಗಿತ್ತು. 1979ರ ಕೊನೆಯಲ್ಲಿ ಸೋವಿಯತ್ ಸೇನೆ ಅಫ್ಗಾನಿಸ್ತಾನಕ್ಕೆ ಹೋದಾಗಲೂ ನಮ್ಮ ದನಿ ಮತ್ತೆ ಮೆತ್ತಗಾಯಿತು. 1971ರ ಆಗಸ್ಟ್‌ನ ಸೋವಿಯತ್ ಸ್ನೇಹ ಒಪ್ಪಂದ ಆ ಹೊತ್ತಿಗೆ ಬೇಕಿತ್ತು ಎಂದೇ ನಾನು ನಂಬಿದ್ದೇನೆ, ಆದರೆ ಅದರ ಋಣ ನಾಲಿಗೆಯ ಮೇಲೆ ಕುಳಿತಿತು ಎಂಬುದನ್ನೂ ಒಪ್ಪಬೇಕು.

ಹಾಗಾಗಿ ಕಮಲದ ಎಲೆಯ ಉಪಮೆಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಒಣಗಿ ಕೂರುವುದು ಅಲಿಪ್ತತೆಯಾಗಿದ್ದರೆ ಕೊರಿಯಾಕ್ಕೆ ನಮ್ಮ ಸೈನಿಕರು ಹೋಗಬೇಕಿರಲಿಲ್ಲ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಾಯ್ನಾಡಿಗೆ ಮರಳಲು ಒಪ್ಪದ ಸುಮಾರು 23,000 ಯುದ್ಧಕೈದಿಗಳ ಪ್ರಶ್ನೆ ಎರಡೂ ಬಣಗಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವರನ್ನು ಯಾರ ವಶಕ್ಕೆ ಕೊಟ್ಟರೆ ಇಬ್ಬರೂ ಒಪ್ಪುತ್ತಾರೆ? ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಭಾರತ ಅಧ್ಯಕ್ಷನಾಯಿತು. ಆ ಕುರ್ಚಿಯಲ್ಲಿ ಕುಳಿತವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯ್ದದ್ದು ಭಾರತದ ಪಡೆ. ತಿಂಗಳುಗಟ್ಟಲೆ ಎರಡೂ ಕಡೆಯಿಂದ ಬೈಗುಳ ಕೇಳುತ್ತ, ಬಲವಂತವಿಲ್ಲದೆ, ಆ ಕೆಲಸ ಮುಗಿಸಿದರು. ಎರಡೂ ಕಡೆ ಬೇಡವೆಂದ 88 ಮಂದಿ ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಭಾರತಕ್ಕೇ ಬಂದರು. ಮೂವತ್ತು ವರ್ಷ ಪಾಠ ಮಾಡುವಾಗ ಈ ಕಥೆಯನ್ನು ನಾನು ಒಮ್ಮೆಯೂ ತರಗತಿಯಲ್ಲಿ ಹೇಳಲಿಲ್ಲವಲ್ಲ ಎಂಬ ಕೊರಗು ನನಗಿದೆ. ಬಾಂಡುಂಗ್ ಸಮ್ಮೇಳನ 1955, 29 ದೇಶಗಳು. ಅಲಿಪ್ತ ರಾಷ್ಟ್ರಗಳ ಮೊದಲ ಸಮ್ಮೇಳನ ಬೆಲ್‌ಗ್ರೇಡ್ 1961, 25 ದೇಶಗಳು ಎಂದು ಇಸವಿಗಳನ್ನು ಮಾತ್ರ ಉರು ಹೊಡೆಸಿದೆ.

ಇನ್ನು ಆ ಹುಡುಗಿಯ ಪ್ರಶ್ನೆ. ಕಷ್ಟ ಬಂದಾಗ ಯಾರು ಬರುತ್ತಾರೆ?

1962ರಲ್ಲಿ ಚೀನಾ ಗಡಿ ದಾಟಿ ಬಂದಾಗ ಪಂಚಶೀಲ ನಮ್ಮನ್ನು ಕಾಯಲಿಲ್ಲ. 1954ರಲ್ಲಿ ಆ ಐದು ತತ್ವಗಳಿಗೆ ಸಹಿ ಹಾಕಿದವರೇ ದಾಳಿ ಮಾಡಿದರು. ಆದರೆ ಯಾವ ಮಿಲಿಟರಿ ಕೂಟಕ್ಕೂ ಸೇರದ ನಮಗೆ ಅಮೆರಿಕ, ಬ್ರಿಟನ್ ಶಸ್ತ್ರಾಸ್ತ್ರ ಕಳುಹಿಸಿದವು. ಮರುವರ್ಷ ಸೋವಿಯತ್ ಒಕ್ಕೂಟದ ಮಿಗ್-21 ವಿಮಾನಗಳೂ ಬಂದವು. ಇದು ಹಳೆಯ ಮಾತಾಯಿತು. ಹತ್ತಿರದ್ದೇ ಹೇಳುತ್ತೇನೆ. 2022ರ ಮಾರ್ಚ್ 1ರಂದು, ರಷ್ಯಾ ದಾಳಿ ಮಾಡುತ್ತಿದ್ದ ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಶವ ಊರಿಗೆ ಬರಲು ಮೂರು ವಾರ ಹಿಡಿಯಿತು. ಅದೇ ಹೊತ್ತಿಗೆ ಸುಮಿ ನಗರದಲ್ಲಿ ಸುಮಾರು 700 ಭಾರತೀಯ ವಿದ್ಯಾರ್ಥಿಗಳು ಹಿಮ ಕರಗಿಸಿ ನೀರು ಕುಡಿಯುತ್ತ ಸಿಕ್ಕಿಕೊಂಡಿದ್ದರು. ಪ್ರಧಾನಿ ಮಾಸ್ಕೊಗೂ ಕೀವ್‌ಗೂ ಒಂದೇ ದಿನ ಕರೆ ಮಾಡಿ ಮಾತನಾಡಿದರು. ಮರುದಿನ ಆ ಮಕ್ಕಳ ಬಸ್ಸುಗಳು ಹೊರಟವು.

ನಮ್ಮ ಜಿಲ್ಲೆಯದೇ ಇನ್ನೊಂದು. 2024ರ ಆರಂಭದಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಯುವಕರು ರಷ್ಯಾದಲ್ಲಿ ಸಿಕ್ಕಿಬಿದ್ದಿದ್ದಾರೆ ಎಂಬ ಸುದ್ದಿ ಬಂತು. ಒಳ್ಳೆಯ ಸಂಬಳದ ಸಹಾಯಕನ ಕೆಲಸ ಎಂದು ನಂಬಿಸಿ ಕರೆದೊಯ್ದು, ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿ, ಯುದ್ಧಭೂಮಿಗೆ ಅಟ್ಟಿದ್ದರು. ಅಲ್ಲಿಂದ ಅವರು ಕಳುಹಿಸಿದ ವಿಡಿಯೊ ನಮ್ಮೆಲ್ಲರ ಮೊಬೈಲ್‌ಗೂ ಬಂತು. ಸೇನೆಯ ಸಮವಸ್ತ್ರದೊಳಗೆ ನಮ್ಮ ಬೀದಿಯ ಮುಖಗಳು. ನಾನು ಅದನ್ನು ಪೂರ್ತಿ ನೋಡಲಾರದೆ ಹೋದೆ. ಪಾಠ ಮಾಡಿದವನಿಗೆ ಆ ವಯಸ್ಸಿನ ಎಲ್ಲ ಮುಖಗಳೂ ತನ್ನ ತರಗತಿಯವೇ ಎನ್ನಿಸುತ್ತವೆ. ಜುಲೈನಲ್ಲಿ ಪ್ರಧಾನಿ ಮಾಸ್ಕೊಗೆ ಹೋದಾಗ ವಿಷಯ ಪ್ರಸ್ತಾಪವಾಯಿತು. ಆಗಸ್ಟ್‌ನಲ್ಲಿ ಅವರು ಕೀವ್‌ಗೂ ಹೋದರು. ಸೆಪ್ಟೆಂಬರ್‌ನಲ್ಲಿ ನಮ್ಮ ಹುಡುಗರು ಮನೆಗೆ ಬಂದರು. ಬೇರೆ ರಾಜ್ಯಗಳ ಕೆಲವರು ಬರಲಿಲ್ಲ, ಅಲ್ಲೇ ಸತ್ತರು. ಒಂದು ಪಾಳಯಕ್ಕೆ ಕೈಕಾಲು ಕಟ್ಟಿಸಿಕೊಂಡ ದೇಶವಾಗಿದ್ದರೆ ಮಾಸ್ಕೊದ ಬಾಗಿಲು ನಮಗೆ ತೆರೆಯುತ್ತಿತ್ತೇ? ಮಗಳೇ, ನೀನು ಎಲ್ಲೇ ಇದ್ದರೂ, ನಿನ್ನ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಇದು.

ಮಾನ್ಯರೇ, ತಾವು ಮಾಡಬೇಕಾದ ಕೆಲಸ ಇಲ್ಲಿಂದ ಶುರುವಾಗುತ್ತದೆ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಷ್ಯಾ ವಿರುದ್ಧದ ನಿರ್ಣಯಕ್ಕೆ 141 ದೇಶಗಳು ಮತ ಹಾಕಿದವು, 5 ವಿರೋಧಿಸಿದವು, ಭಾರತವೂ ಸೇರಿ 35 ದೂರ ಉಳಿದವು. ದೂರ ಉಳಿದದ್ದು ಸರಿ ಎಂದು ವಾದಿಸಲು ಕಾರಣಗಳಿವೆ, ತಪ್ಪು ಎನ್ನಲೂ ಕಾರಣಗಳಿವೆ. ಆ ಏಪ್ರಿಲ್‌ನಲ್ಲಿ ಲೋಕಸಭೆಯಲ್ಲಿ ಉಕ್ರೇನ್ ಕುರಿತು ಚರ್ಚೆಯಾಯಿತು, ಎಲ್ಲ ಪಕ್ಷದವರೂ ಮಾತನಾಡಿದರು. ಅಂಥ ಚರ್ಚೆ ಅಪರೂಪವಾಗಬಾರದು. ಭಾರತ ಮತದಾನದಿಂದ ದೂರ ಉಳಿದ ಪ್ರತಿಯೊಂದು ಮಹತ್ವದ ನಿರ್ಣಯದ ಬಗ್ಗೆಯೂ ಏಕೆ ಎಂದು ಸದನಕ್ಕೆ ತಿಳಿಸಿ ಎಂದು ತಾವು ಮೂವರೂ, ಪಕ್ಷದ ಗೆರೆ ಬದಿಗಿಟ್ಟು, ಒಟ್ಟಾಗಿ ಕೇಳಬೇಕು. ನ್ಯೂಯಾರ್ಕ್‌ನಲ್ಲಿ ನಮ್ಮ ರಾಯಭಾರಿ ಕೊಡುವ ವಿವರಣೆ ಜಗತ್ತಿಗೆ. ಕಮಲಾಪುರ, ಔರಾದ್, ಸುರಪುರದ ಮತದಾರನಿಗೆ ವಿವರಣೆ ಸಿಗಬೇಕಾದದ್ದು ತಮ್ಮ ಮೂಲಕ. ಕಾರಣ ಹೇಳದೆ ಸುಮ್ಮನಿರುವ ನೀತಿಯನ್ನು ನಮ್ಮ ಹಿರಿಯರು ಹದಿಮೂರು ತಿಂಗಳು ಅನುಭವಿಸಿದ್ದಾರೆ.

ಎರಡನೆಯದು ತೊಗರಿ. ಇದನ್ನು ಕೃಷಿ ಇಲಾಖೆಯ ವಿಷಯ ಎಂದು ಪಕ್ಕಕ್ಕೆ ಸರಿಸಬೇಡಿ. ಕಲಬುರಗಿ ತೊಗರಿಯ ಕಣಜ, 2019ರಲ್ಲಿ ನಮ್ಮ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಬಂತು. ಆದರೂ ದೇಶ ಮೊಜಾಂಬಿಕ್, ಮ್ಯಾನ್ಮಾರ್, ತಾಂಜಾನಿಯಾ, ಮಲಾವಿಗಳಿಂದ ವರ್ಷವರ್ಷವೂ ಲಕ್ಷಾಂತರ ಟನ್ ತೊಗರಿ ತರಿಸುತ್ತದೆ. 2023ರ ಡಿಸೆಂಬರ್‌ನಲ್ಲಿ ಹಳದಿ ಬಟಾಣಿಯನ್ನೂ ಸುಂಕವಿಲ್ಲದೆ ಬಿಟ್ಟುಕೊಂಡರು. ಅದು ಹೆಚ್ಚಾಗಿ ಬಂದದ್ದು ಕೆನಡಾ ಮತ್ತು ರಷ್ಯಾದಿಂದ. ಉಕ್ರೇನ್ ವಿಷಯದಲ್ಲಿ ಹಾವು ಮುಂಗುಸಿಯಂತಿರುವ ಎರಡು ದೇಶಗಳ ಬಟಾಣಿ ನಮ್ಮ ಬಂದರಿನಲ್ಲಿ ಅಕ್ಕಪಕ್ಕ ಇಳಿಯಿತು, ಇಬ್ಬರೊಡನೆಯೂ ಸ್ನೇಹ ಉಳಿಯಿತು, ಬೆಲೆ ಬಿದ್ದದ್ದು ನಮ್ಮ ಗಂಜ್‌ನಲ್ಲಿ. 2024–25ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ನಾನು ರಾಶಿ ಮಾಡಿ ಒಯ್ದ ದಿನ ಹರಾಜಿನಲ್ಲಿ ಅಷ್ಟು ಹುಟ್ಟಲಿಲ್ಲ. ಖರೀದಿ ಕೇಂದ್ರದ ಸರದಿ ಬರುವವರೆಗೆ ಕಾಯಲು ಕೈಯಲ್ಲಿ ಹಣವಿರಲಿಲ್ಲ, ಕೊಟ್ಟು ಬಂದೆ. ಬಟಾಣಿಗೆ ಶೇ 30 ಸುಂಕ ಬಂದದ್ದು 2025ರ ನವೆಂಬರ್ 1ಕ್ಕೆ. ಅಷ್ಟರಲ್ಲಿ ನಮ್ಮ ಎರಡು ಹಂಗಾಮು ಕಳೆದಿದ್ದವು.

ಆಮದನ್ನೇ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಮೊಜಾಂಬಿಕ್‌ನ ರೈತ ತೊಗರಿ ಬೆಳೆಯುವುದೇ ನಮಗಾಗಿ, ಅವನಿಗೂ ಎರಡು ಎಕರೆಯೇ ಇರಬಹುದು. 2017ರಲ್ಲಿ ನಾವು ಇದ್ದಕ್ಕಿದ್ದಂತೆ ಆಮದಿಗೆ ಮಿತಿ ಹಾಕಿದಾಗ ಅವನ ಬೆಲೆಯೂ ನೆಲಕಚ್ಚಿತ್ತು. ಅಲಿಪ್ತ ಚಳವಳಿಯಲ್ಲಿ ನಮ್ಮ ಜೊತೆ ಕುಳಿತ ದೇಶಗಳಿವು. ಇಷ್ಟು ವರ್ಷಕ್ಕೆ ಇಷ್ಟು ಟನ್ ಎಂದು ಮೊದಲೇ ನಿಗದಿ ಮಾಡಿ, ಅದನ್ನು ಪಾಲಿಸಿದರೆ ಇಬ್ಬರೂ ಬದುಕುತ್ತೇವೆ. ನಮ್ಮ ಹೊಲದಲ್ಲಿ ಬೆಳೆ ಒಕ್ಕುವ ತಿಂಗಳಲ್ಲೇ ಹಡಗು ಬರುವುದು ಬೇಡ. ದ್ವಿದಳ ಧಾನ್ಯಗಳ ಸ್ವಾವಲಂಬನೆಗಾಗಿ ಕೇಂದ್ರ 11,440 ಕೋಟಿ ರೂಪಾಯಿಯ ಮಿಷನ್ ಘೋಷಿಸಿದೆ, ತೊಗರಿಯನ್ನು ಪೂರ್ತಿ ಖರೀದಿಸುತ್ತೇವೆ ಎಂದೂ ಹೇಳಿದೆ. ಅದರಲ್ಲಿ ಕಲಬುರಗಿ, ಬೀದರ, ಯಾದಗಿರಿಗೆ ಬಂದದ್ದೆಷ್ಟು, ನೆಟೆ ರೋಗ ತಡೆಯುವ ಬೀಜ ಎಷ್ಟು ರೈತರ ಕೈ ಸೇರಿತು, ಖರೀದಿ ಕೇಂದ್ರ ಜನವರಿಗೇ ತೆರೆಯಿತೇ ಎಂದು ತಾವು ಬೆನ್ನು ಹತ್ತಿ ಕೇಳಬೇಕು. ಬೇಳೆಗಾಗಿ ನಾಳೆ ಯಾರ ಹಡಗನ್ನೂ ಕಾಯಬಾರದು. ಕಾಯುವುದೆಂದರೆ ಏನೆಂದು ನಾನು ಕಂಡಿದ್ದೇನೆ.

ಬೀದರದ ಸಂಸದರಿಗೆ ಒಂದು ಮಾತು. ತಮ್ಮ ಊರಿನ ವಾಯುನೆಲೆಯಲ್ಲಿ ತರಬೇತಿಯ ಹಾಕ್ ವಿಮಾನಗಳಿವೆ, ವಿನ್ಯಾಸ ಬ್ರಿಟನ್ನಿನದು. ಅದರಲ್ಲಿ ಕಲಿತ ಹುಡುಗರು ಮುಂದೆ ರಷ್ಯಾದ ಸುಖೋಯ್ ಹಾರಿಸುತ್ತಾರೆ, ಫ್ರಾನ್ಸ್‌ನ ರಫೇಲ್ ಹಾರಿಸುತ್ತಾರೆ. ನಮ್ಮದೇ ತೇಜಸ್‌ಗೆ ಅಮೆರಿಕದ ಎಂಜಿನ್. ಅದು ಹೊತ್ತಿಗೆ ಬಾರದೆ ಹೊಸ ತೇಜಸ್‌ಗಳು ತಡವಾದವು. ಬರೀದ್‌ಶಾಹಿ ಗೋರಿಗಳ ಉದ್ಯಾನದಲ್ಲಿ ಕುಳಿತು ಆ ವಿಮಾನಗಳನ್ನು ನೋಡುವಾಗ ನನಗೆ ಸಂತೋಷವೂ ಆಗುತ್ತದೆ, ದಿಗಿಲೂ ಆಗುತ್ತದೆ. ನಾಲ್ಕು ಕಡೆ ಕೊಂಡರೆ ಒಬ್ಬನ ಹಂಗಿಲ್ಲ ಎನ್ನುವುದು ನಿಜ. ನಾಲ್ವರಲ್ಲಿ ಯಾವನೊಬ್ಬ ಕೈ ಬಿಗಿಹಿಡಿದರೂ ಒಂದು ಸಾಲು ವಿಮಾನ ನೆಲದ ಮೇಲೇ ನಿಲ್ಲುತ್ತದೆ ಎನ್ನುವುದೂ ನಿಜ.

ಕೊನೆಯದಾಗಿ, ಹೊರದೇಶಕ್ಕೆ ಕೆಲಸಕ್ಕೆ ಹೋಗುವ ನಮ್ಮ ಹುಡುಗರ ವಿಷಯ. ಕೊಲ್ಲಿ ದೇಶಗಳಲ್ಲಿ ನಮ್ಮ ಮೂರೂ ಜಿಲ್ಲೆಯವರಿದ್ದಾರೆ. ರಷ್ಯಾದ ಘಟನೆಯ ನಂತರವೂ ಮೊಬೈಲ್‌ನಲ್ಲಿ ಏಜೆಂಟರ ಜಾಹೀರಾತುಗಳು ನಿಂತಿಲ್ಲ. ಏಜೆಂಟನಿಗೆ ಪರವಾನಗಿ ಇದೆಯೇ, ಒಪ್ಪಂದದಲ್ಲಿ ಏನು ಬರೆದಿದೆ ಎಂದು ಕನ್ನಡದಲ್ಲಿ, ಉರ್ದುವಿನಲ್ಲಿ ಓದಿ ಹೇಳುವ ಒಬ್ಬ ಅಧಿಕಾರಿ ಕಲಬುರಗಿಯ ಜಿಲ್ಲಾಡಳಿತ ಕಚೇರಿಯಲ್ಲಿ ವಾರಕ್ಕೆರಡು ದಿನವಾದರೂ ಕೂರುವಂತೆ ಮಾಡಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ, ಒಂದು ಮೇಜು ಸಾಕು.

ಸಂಕ್ರಾಂತಿಯ ಹೊತ್ತಿಗೆ ನಮ್ಮ ಹೊಲದಲ್ಲಿ ತೊಗರಿ ರಾಶಿ ನಡೆದಿರುತ್ತದೆ. ಮೂವರೂ ಒಟ್ಟಿಗೆ ಬನ್ನಿ. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಭರ್ತ, ಶೇಂಗಾ ಹಿಂಡಿ ಇರುತ್ತದೆ. ಊಟವಾದ ಮೇಲೆ ಬಣವೆಯ ನೆರಳಿನಲ್ಲಿ ಕುಳಿತು, ಮುಂದಿನ ಅಧಿವೇಶನದಲ್ಲಿ ತಾವು ಕೇಳಲಿರುವ ಪ್ರಶ್ನೆಗಳನ್ನು ನಮ್ಮೂರ ರೈತರಿಗೆ ಓದಿ ಹೇಳಿ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ ಮತ್ತು ತೊಗರಿ ಬೆಳೆಗಾರ,
ಕಲಬುರಗಿ